ನೀಟ್ ಮುಗಿದ ಮೇಲೂ ಉಳಿಯುವ ಜೀವಶಾಸ್ತ್ರ: ಖಟಕ ಚಿಂಚೋಳಿಯ ಪಿಯುಸಿ ವಿದ್ಯಾರ್ಥಿಗಳಿಗೊಂದು ಬಹಿರಂಗ ಪತ್ರ

ಖಟಕ ಚಿಂಚೋಳಿ ಮತ್ತು ಸುತ್ತಲಿನ ಹಳ್ಳಿಗಳ ವಿಜ್ಞಾನ ವಿಭಾಗದ ಮಕ್ಕಳೇ,

ನೀಟ್ ಫಲಿತಾಂಶ ಬಂದ ವಾರ ನಿಮ್ಮ ಮನೆಗಳಲ್ಲಿ ಏನಾಗುತ್ತದೆ ಎಂಬುದನ್ನು ನಾನು ಬಲ್ಲೆ. ಸೀಟು ಸಿಕ್ಕವರ ಫೋಟೊ ಬೀದರಿನ ರಸ್ತೆಗಳ ಫ್ಲೆಕ್ಸ್ ಮೇಲೆ ಏರುತ್ತದೆ. ಸಿಗದವರಲ್ಲಿ ಮನೆಯ ಕೈ ತುಸು ಗಟ್ಟಿ ಇದ್ದವರು ಇನ್ನೊಂದು ವರ್ಷ ಲಾಂಗ್ ಟರ್ಮ್ ಅಂತ ಬೀದರಿನ ಹಾಸ್ಟೆಲ್ ಸೇರುತ್ತಾರೆ. ಉಳಿದವರು, ಅದರಲ್ಲೂ ಹೆಣ್ಣುಮಕ್ಕಳು, ‘ಬಯಾಲಜಿ ನಮ್ಮ ಹಣೆಬರಹದಾಗ ಇಲ್ಲ’ ಅಂತ ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕುತ್ತಾರೆ. 720 ಅಂಕದ ಆ ಪರೀಕ್ಷೆಯಲ್ಲಿ 360 ಜೀವಶಾಸ್ತ್ರದ್ದೇ. ಅದಕ್ಕಾಗಿ ಎರಡು ವರ್ಷ ನೀವು ಜೀವಕೋಶ, ವಂಶವಾಹಿ, ವೈರಸ್, ಬೇರು, ಕಾಂಡ ಎಲ್ಲವನ್ನೂ ಸಾಲು ಬಿಡದೆ ಓದಿರುತ್ತೀರಿ. ಅಷ್ಟು ಓದನ್ನು ಒಂದು ಮಧ್ಯಾಹ್ನದ ರ‍್ಯಾಂಕ್ ನೋಡಿ ಕೈಬಿಡುವುದು ನನಗೆ ಸಂಕಟ ತರುತ್ತದೆ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ವೈದ್ಯರಾಗಬೇಡಿ ಎಂದು ಹೇಳಲು ಬಂದಿಲ್ಲ. ನಮ್ಮ ಜಿಲ್ಲೆಗೆ ಡಾಕ್ಟರುಗಳು ಬೇಕು, ಹಳ್ಳಿಗಳಿಗಂತೂ ಇನ್ನೂ ಹೆಚ್ಚು ಬೇಕು. ಆದರೆ ಜೀವಶಾಸ್ತ್ರದ ಬಾಗಿಲು ಎಂಬಿಬಿಎಸ್ ಒಂದೇ ಎಂದು ನಿಮಗೆ ಯಾರಾದರೂ ನಂಬಿಸಿದ್ದರೆ, ಈ ಕೆಲವು ವರ್ಷಗಳಲ್ಲಿ ಏನೇನು ಪತ್ತೆಯಾಗಿದೆ ಎಂಬುದನ್ನು ಅವರು ನಿಮಗೆ ಹೇಳಿಲ್ಲ. ಅಮೆರಿಕದ ಯಾವುದೋ ಪ್ರಯೋಗಾಲಯದ ಇಲಿಗಳ ಕಥೆ ಬಿಡಿ. ನಿಮ್ಮ ಮನೆಯ ತೊಗರಿ, ಅದನ್ನು ತಿನ್ನುವ ಕೀಡಿ, ಕೊಟ್ಟಿಗೆಯ ದೇವಣಿ ಹೋರಿ ಇವುಗಳ ಬಗ್ಗೆಯೇ ಹೇಳುತ್ತೇನೆ.

ಕೀಡಿಯಿಂದಲೇ ಶುರು ಮಾಡೋಣ.

ತೊಗರಿ ಹೂವು, ಕಾಯಿ ಹಿಡಿಯುವ ಹೊತ್ತಿಗೆ ಬರುವ ಹಸಿರು ಕೀಡಿ ನಿಮಗೆಲ್ಲ ಗೊತ್ತು. ಪುಸ್ತಕದಲ್ಲಿ ಅದರ ಹೆಸರು ಹೆಲಿಕೋವರ್ಪಾ ಆರ್ಮಿಜೆರಾ. ತಲೆಯನ್ನು ಕಾಯಿಯೊಳಗೆ ತೂರಿಸಿ, ಅರ್ಧ ಮೈ ಹೊರಗೆ ಬಿಟ್ಟು ಕಾಳು ತಿನ್ನುತ್ತದೆ. ಔಷಧಿಗೆ ಜಗ್ಗದ ವರ್ಷಗಳಲ್ಲಿ ಕಲಬುರಗಿ ಕಡೆಯ ರೈತರು ಸಾಲಿನ ನಡುವೆ ತಾಡಪತ್ರಿ ಹಾಸಿ, ಗಿಡ ಅಲ್ಲಾಡಿಸಿ, ಬಿದ್ದ ಕೀಡಿಗಳನ್ನು ಬಾಚಿ ಒಯ್ದದ್ದನ್ನು ನಿಮ್ಮ ಮನೆಯ ಹಿರಿಯರು ಹೇಳಬಹುದು. ಆ ಗಿಡಗಳಲ್ಲೇ ಒಮ್ಮೊಮ್ಮೆ ಇನ್ನೊಂದು ನೋಟ ಕಾಣುತ್ತದೆ. ತುದಿಯ ಎಲೆಯ ಹತ್ತಿರ ಒಂದು ಕೀಡಿ, ಹಿಂಗಾಲುಗಳಿಂದ ಗಿಡ ಹಿಡಿದು ತಲೆಕೆಳಗಾಗಿ ಜೋತುಬಿದ್ದಿರುತ್ತದೆ. ಹಸಿರು ಹೋಗಿ ಮಾಸಲು ಬಿಳಿ, ಆಮೇಲೆ ಕಪ್ಪು. ಕಡ್ಡಿ ತಾಗಿಸಿದರೆ ಚರ್ಮ ಹರಿದು ಒಳಗಿನದೆಲ್ಲ ನೀರಾಗಿ ಸೋರುತ್ತದೆ, ಕೆಳಗಿನ ಎಲೆಗಳ ಮೇಲೆ ಹನಿಯುತ್ತದೆ.

ಅದು ಎನ್‌ಪಿವಿ ಎಂಬ ವೈರಸ್ಸಿನ ಕೆಲಸ. ಮನುಷ್ಯರಿಗೆ, ದನಕರುಗಳಿಗೆ, ಜೇನಿಗೆ ಅದರಿಂದ ಏನೂ ಆಗುವುದಿಲ್ಲ. ಕೀಡಿ ವೈರಸ್ ಅಂಟಿದ ಎಲೆ ತಿನ್ನುತ್ತದೆ, ವೈರಸ್ ಅದರ ಮೈತುಂಬ ಬೆಳೆಯುತ್ತದೆ, ಕೊನೆಗೆ ಕೀಡಿ ಸಾಯುತ್ತದೆ. ರೈತರು ಇದನ್ನೇ ಔಷಧಿ ಮಾಡಿಕೊಂಡಿದ್ದಾರೆ. ರೋಗ ಹತ್ತಿದ ಕೀಡಿಗಳನ್ನು ಅರೆದು, ಸೋಸಿ, ತುಸು ಬೆಲ್ಲ ಬೆರೆಸಿ ಸಂಜೆ ಹೊತ್ತು ಸಿಂಪಡಿಸುತ್ತಾರೆ. ಸಂಜೆಯೇ ಯಾಕೆ ಎಂದರೆ ಬಿಸಿಲಿನ ನೇರಳಾತೀತ ಕಿರಣಕ್ಕೆ ಈ ವೈರಸ್ ತಾಳುವುದಿಲ್ಲ. ಇಷ್ಟು ಹಳೆಯ ವಿಷಯ.

ಹೊಸದು ಮುಂದಿದೆ. ಸಾಯುವ ಕೀಡಿ ತುದಿಗೇ ಯಾಕೆ ಹತ್ತಬೇಕು? ಆರೋಗ್ಯವಂತ ಕೀಡಿ ಹಕ್ಕಿಯ ಕಣ್ಣು ತಪ್ಪಿಸಿ ಮರೆಯಲ್ಲಿರುತ್ತದೆ, ಕೋಶವಾಗುವ ಹೊತ್ತು ಬಂದರೆ ಕೆಳಗಿಳಿದು ಮಣ್ಣು ಸೇರುತ್ತದೆ. ರೋಗದ ಕೀಡಿ ಮಾತ್ರ ಮೇಲಕ್ಕೆ ಹೊರಡುತ್ತದೆ. ಚೀನಾದ ಸಂಶೋಧಕರು 2022ರಲ್ಲಿ ಇದರ ಗುಟ್ಟು ಬಿಡಿಸಿದರು. ಅವರು ಪ್ರಯೋಗಕ್ಕೆ ಆರಿಸಿಕೊಂಡದ್ದು ನಿಮ್ಮ ಹೊಲದ ಇದೇ ಹೆಲಿಕೋವರ್ಪಾ. ರೋಗ ಹತ್ತಿದ ಕೀಡಿಗಳಿಗೆ ಬೆಳಕಿನ ಸೆಳೆತ ಹೆಚ್ಚಾಗಿತ್ತು. ದೀಪ ಎತ್ತರದಲ್ಲಿಟ್ಟರೆ ಅವು ಸತ್ತದ್ದೂ ಎತ್ತರದಲ್ಲಿ. ಕಣ್ಣಿನಲ್ಲಿ ಬೆಳಕನ್ನು ಗುರುತಿಸುವ ಕೆಲವು ವಂಶವಾಹಿಗಳು ರೋಗದ ಕೀಡಿಯಲ್ಲಿ ಜೋರಾಗಿ ಕೆಲಸ ಮಾಡುತ್ತಿದ್ದವು. ವಂಶವಾಹಿ ತಿದ್ದುವ ಕ್ರಿಸ್ಪರ್ ತಂತ್ರ ಬಳಸಿ ಅವನ್ನು ಕೆಡಿಸಿದಾಗ ಬೆಳಕಿನ ಸೆಳೆತವೂ ಕುಗ್ಗಿತು, ಹತ್ತುವುದೂ ಕುಗ್ಗಿತು. ಅಂದರೆ ಕೀಡಿಯ ಕಣ್ಣನ್ನೇ ವೈರಸ್ ತನ್ನ ಕೆಲಸಕ್ಕೆ ಹಚ್ಚಿಕೊಂಡಿದೆ. ಎತ್ತರದಲ್ಲಿ ಸತ್ತರೆ ಸೋರಿದ್ದೆಲ್ಲ ಕೆಳಗಿನ ಎಲೆಗಳಿಗೆ ಬೀಳುತ್ತದೆ, ಮುಂದಿನ ಕೀಡಿಗೆ ಊಟ ಸಿದ್ಧವಾಗುತ್ತದೆ.

ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಎನ್‌ಸಿಇಆರ್‌ಟಿ ಪುಸ್ತಕದ ವೈರಸ್, ಕಣ್ಣು, ವಂಶವಾಹಿ ಎಂಬ ಮೂರು ಬೇರೆಬೇರೆ ಪಾಠಗಳು ಆ ಒಂದು ಕೀಡಿಯೊಳಗೆ ಸೇರಿವೆ. ಆ ಕೀಡಿ ಭಾಲ್ಕಿ ತಾಲ್ಲೂಕಿನ ತೊಗರಿ ಸಾಲಿನಲ್ಲಿ ಪುಕ್ಕಟೆ ಸಿಗುತ್ತದೆ.

ಇನ್ನು ತೊಗರಿಯ ಮಾತು. 2022ರ ಮುಂಗಾರಿನ ಬೆಳೆಗೆ ನೆಟೆ ಬಿದ್ದದ್ದು ನಿಮಗೆ ನೆನಪಿರಬೇಕು. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಹೂವು ಕಾಯಿಯ ಹೊತ್ತಿಗೆ ಗಿಡಗಳು ನಿಂತಲ್ಲೇ ಒಣಗಿದವು. ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಿತು. ಮಾಡಿದ ಖರ್ಚಿನ ಮುಂದೆ ಅದು ಯಾವ ಮೂಲೆಗೆ ಎಂಬುದು ನಿಮ್ಮ ಅಪ್ಪಂದಿರಿಗೆ ಗೊತ್ತು. ಈ ರೋಗವನ್ನು ಬಿಹಾರದ ಪೂಸಾದಲ್ಲಿದ್ದ ಎಡ್ವಿನ್ ಬಟ್ಲರ್ 1906ರಲ್ಲೇ ವಿವರಿಸಿದ್ದರು. ಫ್ಯುಸೇರಿಯಂ ಉಡಂ ಎಂಬ ಶಿಲೀಂಧ್ರ ಮಣ್ಣಿನಿಂದ ಬೇರಿನೊಳಗೆ ನುಗ್ಗಿ, ನೀರು ಸಾಗುವ ಕ್ಸೈಲಂ ನಾಳಗಳನ್ನು ಕಟ್ಟಿಹಾಕುತ್ತದೆ. ಮಣ್ಣಿನಲ್ಲಿ ನೀರಿದ್ದರೂ ಗಿಡ ಬಾಯಾರಿ ಸಾಯುತ್ತದೆ. ಅಂಥ ಗಿಡದ ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿ, ಒಳಗೆ ಕಂದು ಕಪ್ಪಿನ ಗೆರೆ ಎದ್ದಿರುತ್ತದೆ.

ಆದರೆ ಒಣಗಿದ್ದೆಲ್ಲ ನೆಟೆಯಲ್ಲ. ಮ್ಯಾಕ್ರೊಫೊಮಿನಾ ಎಂಬ ಇನ್ನೊಂದು ಶಿಲೀಂಧ್ರ ಬೇರನ್ನೇ ಕೊಳೆಸಿ ಒಣಗಿಸುತ್ತದೆ. ಬಿಸಿಲು ಏರಿ ಮಣ್ಣಿನ ಹಸಿ ಆರಿದಾಗ ಅದಕ್ಕೆ ಜೋರು ಬರುತ್ತದೆ. ಹೊಲದ ಬದುವಿನಲ್ಲಿ ನಿಂತು ನೋಡುವವರಿಗೆ ಎರಡೂ ಒಂದೇ, ಒಣಗಿದ ಗಿಡ. ಉಪಾಯ ಮಾತ್ರ ಬೇರೆಬೇರೆ. ನೆಟೆ ತಡೆಯುವ ತಳಿ ಬೇರುಕೊಳೆಯನ್ನು ತಡೆಯುತ್ತದೆ ಎಂದೇನಿಲ್ಲ. ಹಾಗಾಗಿ ಹಳ್ಳಿಗೊಬ್ಬರಾದರೂ ಕಾಂಡ ಸೀಳಿ, ಬೇರು ತೊಳೆದು ಇದು ಇಂಥದ್ದು ಎಂದು ಹೇಳಬಲ್ಲವರು ಬೇಕು. ಅದು ಪಿಯುಸಿ ಜೀವಶಾಸ್ತ್ರ ಕಲಿತವರು ಮಾಡಬಹುದಾದ ಕೆಲಸವೇ.

ತೊಗರಿಯ ಗೊಡ್ಡು ರೋಗದ ಕಥೆ ಇನ್ನೂ ವಿಚಿತ್ರ. ಗಿಡ ಹಚ್ಚಗಿರುತ್ತದೆ, ಪೊದೆಯಂತೆ ಬೆಳೆಯುತ್ತದೆ, ಎಲೆ ಸಣ್ಣದಾಗಿ ಮಚ್ಚೆ ಬೀಳುತ್ತದೆ, ಹೂವು ಮಾತ್ರ ಬಿಡುವುದಿಲ್ಲ. ಇದು ಮೊದಲು ವರದಿಯಾದದ್ದು 1931ರಲ್ಲಿ. ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟಿರುವ, ರೆಕ್ಕೆಯಿಲ್ಲದ, ಗಾಳಿಯಲ್ಲಿ ತೇಲಿಹೋಗುವ ನುಸಿ ಇದನ್ನು ಹರಡುತ್ತದೆ ಎನ್ನುವುದು ಗೊತ್ತಿತ್ತು. ಆ ನುಸಿ ಹೊತ್ತೊಯ್ಯುವುದು ಏನನ್ನು? ಸುಮಾರು 70 ವರ್ಷ ಯಾರಿಗೂ ಸಿಗಲಿಲ್ಲ. 2000ದ ಹೊತ್ತಿಗೆ ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮತ್ತು ಸ್ಕಾಟ್ಲೆಂಡಿನ ವಿಜ್ಞಾನಿಗಳು ಸೇರಿ ವೈರಸ್ಸನ್ನು ಹಿಡಿದರು. ಇನ್ನೊಂದು ಹದಿನೈದು ವರ್ಷಕ್ಕೆ, ಅಲ್ಲಿ ಒಂದಲ್ಲ ಎರಡು ವೈರಸ್ ಇವೆ ಎಂದು ತಿಳಿಯಿತು. ಬೆಂಗಳೂರು ಕಡೆಯ ಗೊಡ್ಡು ರೋಗವನ್ನು ತಡೆಯುವುದು ಪಟಾನ್‌ಚೆರು ಕಡೆಯದನ್ನು ತಡೆಯುವುದಕ್ಕಿಂತ ಕಷ್ಟ ಎನ್ನುವುದೂ ಗೊತ್ತಾಗಿದೆ. 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದ ಮಾರುತಿ ತಳಿ ನೆಟೆಯನ್ನು ತಡೆಯುತ್ತದೆ, ಗೊಡ್ಡು ರೋಗಕ್ಕೆ ಮಾತ್ರ ಸುಲಭವಾಗಿ ತುತ್ತಾಗುತ್ತದೆ. ಆಶಾ ಎಂಬ ಇನ್ನೊಂದು ತಳಿ ಎರಡನ್ನೂ ತಡೆಯಿತು.

ಆಶಾ ಎಂಬ ಹೆಸರು ನಿಮ್ಮ ಅಪ್ಪ ಅಡತ್ ಅಂಗಡಿಯಲ್ಲಿ, ಬೀಜದ ಅಂಗಡಿಯಲ್ಲಿ ಕೇಳಿರುತ್ತಾರೆ. 2011ರ ಕೊನೆಗೆ ತೊಗರಿಯ ಪೂರ್ಣ ವಂಶವಾಹಿ ನಕ್ಷೆಯ ಕರಡು ಪ್ರಕಟವಾದಾಗ ಅದಕ್ಕೆ ಆರಿಸಿಕೊಂಡದ್ದು ಇದೇ ಆಶಾ ತಳಿಯನ್ನು. ರಾಜೀವ್ ವಾರ್ಷ್ಣೇಯ ಅವರ ಮುಂದಾಳುತನದಲ್ಲಿ ಇಕ್ರಿಸ್ಯಾಟ್ ಮತ್ತು ಹಲವು ದೇಶಗಳ ವಿಜ್ಞಾನಿಗಳು ಮಾಡಿದ ಆ ಕೆಲಸದಲ್ಲಿ 48,680 ವಂಶವಾಹಿಗಳ ಗುರುತು ಸಿಕ್ಕಿತು. ಅದೇ ವರ್ಷ ಎನ್. ಕೆ. ಸಿಂಗ್ ಅವರ ನೇತೃತ್ವದ ಭಾರತೀಯ ತಂಡವೂ ಆಶಾದ ನಕ್ಷೆ ಪ್ರಕಟಿಸಿತ್ತು. ಶ್ರೀಮಂತ ದೇಶಗಳ ಗೋಧಿ, ಮೆಕ್ಕೆಜೋಳಕ್ಕೆ ಹರಿದ ದುಡ್ಡಿನ ಮುಂದೆ ತೊಗರಿಗೆ ಸಿಕ್ಕದ್ದು ಚಿಲ್ಲರೆ. ಆದರೂ ನಮ್ಮ ಬೇಳೆಸಾರಿನ ಕಾಳಿಗೆ ಅಂಥ ಗೌರವ ಸಿಕ್ಕಿತಲ್ಲ, ಅದು ನಮ್ಮ ಕಡೆಯ ಎಷ್ಟು ಮಂದಿಗೆ ಗೊತ್ತು? ಬೀದರಿನಿಂದ ಹೈದರಾಬಾದಿಗೆ ಬಸ್ ಹತ್ತಿದರೆ ಜಹೀರಾಬಾದ್, ಸಂಗಾರೆಡ್ಡಿ ದಾಟಿ ಪಟಾನ್‌ಚೆರು ದಾರಿಯಲ್ಲೇ ಸಿಗುತ್ತದೆ. ದವಾಖಾನೆಗೆ, ಮದುವೆ ಬಟ್ಟೆಗೆ ಆ ದಾರಿಯಲ್ಲಿ ಹೋಗಿಬರುವ ನಾವು ಅಲ್ಲಿ 1972ರಿಂದ ನಮ್ಮ ಜೋಳ, ಕಡಲೆ, ತೊಗರಿಯ ಮೇಲೆ ಕೆಲಸ ನಡೆದಿದೆ ಎಂದು ಮಕ್ಕಳಿಗೆ ತೋರಿಸುವುದಿಲ್ಲ.

ಅಲ್ಲಿಯ ಒಂದು ಹಳೆಯ ಶೋಧ ನನಗೆ ಬಲು ಪ್ರಿಯ. ಜಪಾನಿನಿಂದ ಬಂದಿದ್ದ ವಿಜ್ಞಾನಿಗಳು ಮತ್ತು ಅಲ್ಲಿಯವರು ಸೇರಿ 1990ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಕೆಂಪು ಮಣ್ಣಿನಲ್ಲಿ ರಂಜಕ ಕಬ್ಬಿಣದೊಂದಿಗೆ ಬಿಗಿಯಾಗಿ ಬೆಸೆದಿರುತ್ತದೆ, ಬೇರೆ ಬೆಳೆಗಳ ಕೈಗೆ ಬರುವುದಿಲ್ಲ. ತೊಗರಿಯ ಬೇರು ಪಿಸಿಡಿಕ್ ಆಮ್ಲವನ್ನು ಒಸರಿಸಿ ಕಬ್ಬಿಣವನ್ನು ತಾನು ಹಿಡಿದುಕೊಂಡು ರಂಜಕವನ್ನು ಬಿಡಿಸಿಕೊಳ್ಳುತ್ತದೆ. ಮುಂದಿನ ಬೆಳೆಗೂ ಅದರ ಫಲ ಸಿಗುತ್ತದೆ. ತೊಗರಿ ಹಾಕಿದ ಹೊಲ ಮರುವರ್ಷ ಚೆನ್ನಾಗಿ ಬರುತ್ತದೆ ಎಂದು ಮುತ್ಯಾ ಹೇಳುತ್ತಿದ್ದುದಕ್ಕೆ ಸಾರಜನಕ ಒಂದೇ ಕಾರಣವಲ್ಲ ಎಂದು ಆಗ ತಿಳಿಯಿತು. ಬೀದರ್ ಪಟ್ಟಣದ ಸುತ್ತಿನ ಜಂಬಿಟ್ಟಿಗೆಯ ಕೆಂಪು ಮಣ್ಣಿಗೆ ಈ ಮಾತು ಹೊಂದುತ್ತದೆ. ಎರೆ ಭೂಮಿಯಲ್ಲಿ ರಂಜಕ ಸುಣ್ಣದೊಂದಿಗೆ ಬೆಸೆದಿರುತ್ತದೆ, ಅಲ್ಲಿ ತೊಗರಿಗೆ ಈ ಹೆಚ್ಚುಗಾರಿಕೆ ಇಲ್ಲ. ಒಂದೇ ಜಿಲ್ಲೆ, ಒಂದೇ ಬೆಳೆ, ಎರಡು ಮಣ್ಣಿನಲ್ಲಿ ಎರಡು ನಡೆ.

ಇನ್ನೊಂದು, ಜೋಳದ ನಡುವೆ ತೊಗರಿ ಅಕ್ಕಡಿ ಹಾಕಿದರೆ ನೆಟೆ ಕಡಿಮೆ ಬೀಳುತ್ತದೆ ಎಂದು 1980ರ ದಶಕದಲ್ಲೇ ಇಕ್ರಿಸ್ಯಾಟ್ ಹೊಲಗಳಲ್ಲಿ ಅಳೆದು ತೋರಿಸಿದ್ದರು. ನಮ್ಮ ಹಿರಿಯರ ಪದ್ಧತಿ ಅದೇ ಆಗಿತ್ತು. ಈಗ ಬೀದರ್ ರಾಜ್ಯದಲ್ಲೇ ಹೆಚ್ಚು ಸೋಯಾ ಬೆಳೆಯುವ ಜಿಲ್ಲೆ, ಮುಂಗಾರಿನ ಜೋಳ ಹೊಲ ಬಿಟ್ಟು ಹೊರಟಿದೆ. ಸೋಯಾದ ಜೊತೆ ನಿಂತ ತೊಗರಿಗೆ ನಮ್ಮ ಎರೆಯಲ್ಲಿ ನೆಟೆ ಎಷ್ಟು ಬೀಳುತ್ತದೆ, ಜೋಳದ ಜೊತೆ ನಿಂತದ್ದಕ್ಕೆ ಎಷ್ಟು? ಅಕ್ಕಪಕ್ಕದ ಎರಡು ಹೊಲದಲ್ಲಿ ನೂರು ನೂರು ಗಿಡ ಎಣಿಸಿ ಬರೆದಿಟ್ಟುಕೊಂಡರೆ ಸಾಕು, ನಿಮ್ಮ ಕೈಯಲ್ಲಿ ಒಂದು ನಿಜವಾದ ಪ್ರಶ್ನೆ ಇರುತ್ತದೆ.

ದನಗಳ ಮಾತಿಗೆ ಬರೋಣ. ದೇವಣಿ ನಮ್ಮ ಗಡಿಯ ತಳಿ. ಹೆಸರು ಲಾತೂರ್ ಜಿಲ್ಲೆಯ ದೇವಣಿಯದಾದರೂ ಭಾಲ್ಕಿ, ಔರಾದ್ ಕೊಟ್ಟಿಗೆಗಳಲ್ಲಿ ಅದು ಮನೆಯ ಮಗನಂತೆ ಬೆಳೆದಿದೆ. ಮೈಯೆಲ್ಲ ಬಿಳಿಯಾಗಿ ಮುಖ ಕಪ್ಪಾದ ವಾನೇರಾ, ಕಪ್ಪು ಬಿಳಿ ಮಚ್ಚೆಯ ಶೆವೇರಾ, ಬಿಳಿ ಮೈಯ ಬಾಲಂಕ್ಯಾ ಇವನ್ನು ನೀವು ದೂರದಿಂದಲೇ ಗುರುತಿಸುತ್ತೀರಿ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಜಾತ್ರೆ, ಸಂತೆ ನಿಂತವು. ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ದನಗಳು ಸತ್ತವು.

1929ರಲ್ಲಿ ಜಾಂಬಿಯಾದಲ್ಲಿ ಮೊದಲು ಕಂಡ ಈ ರೋಗ ಭಾರತಕ್ಕೆ ಬಂದದ್ದು 2019ರಲ್ಲಿ, ಒಡಿಶಾಕ್ಕೆ. ಆಗ ಅಷ್ಟು ಸಾವು ಇರಲಿಲ್ಲ. ಮೂರೇ ವರ್ಷಕ್ಕೆ ಯಾಕೆ ಅಷ್ಟು ಭೀಕರವಾಯಿತು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉತ್ಪಲ್ ತಾತು ಮತ್ತು ಪಶುವೈದ್ಯ ಸಂಸ್ಥೆಗಳ ಸಂಗಡಿಗರು ಗುಜರಾತ್, ರಾಜಸ್ಥಾನ, ಮಹಾರಾಷ್ಟ್ರ, ಕರ್ನಾಟಕದ ದನಗಳ ಮಾದರಿ ತಂದು ವೈರಸ್ಸಿನ ಪೂರ್ಣ ಜೀನೋಮ್ ಓದಿದರು. 2024ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ದೇಶದಲ್ಲಿ ಓಡಾಡುತ್ತಿದ್ದದ್ದು ಎರಡು ಬಗೆಯ ವೈರಸ್. ಒಂದು 2019ರದಕ್ಕೆ ಹತ್ತಿರದ್ದು. ಇನ್ನೊಂದರಲ್ಲಿ ಬದಲಾವಣೆಗಳು ವಿಪರೀತ, ಅದು 2015ರಲ್ಲಿ ರಷ್ಯಾದಲ್ಲಿ ಕಂಡದ್ದನ್ನು ಹೋಲುತ್ತಿತ್ತು. ಹಿಸಾರ್ ಮತ್ತು ಇಜತ್‌ನಗರದ ವಿಜ್ಞಾನಿಗಳು ರಾಂಚಿಯಲ್ಲಿ ಸಿಕ್ಕ ವೈರಸ್ಸನ್ನೇ ಪಳಗಿಸಿ ಲಸಿಕೆ ಮಾಡಿದರು. ಅದನ್ನು ತಯಾರಿಸುವ ಪರವಾನಗಿ 2025ರ ಫೆಬ್ರುವರಿಯಲ್ಲಿ ಸಿಕ್ಕದ್ದು ನಮ್ಮದೇ ರಾಜ್ಯದ, ಮಾಲೂರಿನ ಬಯೋವೆಟ್‌ಗೆ. ಅಲ್ಲಿಯವರೆಗೆ ಮೇಕೆ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಹಾಕಿ ಕಾಲ ತಳ್ಳಿದ್ದೆವು.

ಈ ಶೋಧದ ಮೊದಲ ಹೆಜ್ಜೆ ಯಾವುದು, ಯೋಚಿಸಿ. ಯಾವುದೋ ಹಳ್ಳಿಯಲ್ಲಿ ಯಾರೋ ಒಬ್ಬರು ಹೋರಿಯ ಮೈಮೇಲಿನ ಗಂಟು ನೋಡಿ, ಮಾದರಿ ತೆಗೆದು, ಸರಿಯಾಗಿ ತಂಪಿನಲ್ಲಿಟ್ಟು ಕಳಿಸಿದರು. ಆ ಕೈ ತಪ್ಪಿದ್ದರೆ ಬೆಂಗಳೂರಿನ ಯಂತ್ರ ಓದಲು ಏನೂ ಇರುತ್ತಿರಲಿಲ್ಲ. ಕರ್ನಾಟಕದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರ ಬೀದರಿನ ನಂದಿನಗರದಲ್ಲೇ ಇದೆ. ರಾಜ್ಯದ ಇತರ ಜಿಲ್ಲೆಗಳ ಮಕ್ಕಳು ಊರು ಬಿಟ್ಟು ಇಲ್ಲಿಗೆ ಓದಲು ಬರುತ್ತಾರೆ. ಅದರ ಗೇಟು ನೋಡದ ಮಕ್ಕಳು ನಮ್ಮ ಹೋಬಳಿಯಲ್ಲಿ ಬೇಕಾದಷ್ಟು ಇದ್ದಾರೆ, ಇದು ನನಗೆ ಬಹಳ ನೋವಿನ ವಿಷಯ.

ತೊಗರಿಯ ಇನ್ನೊಂದು ಸುದ್ದಿ ಹೇಳಿ ಮುಂದೆ ಹೋಗುತ್ತೇನೆ. ತೊಗರಿಗೆ ಹಗಲು ಗಿಡ್ಡವಾದ ಮೇಲೇ ಹೂವು. ಹೀಗಾಗಿ ವರ್ಷಕ್ಕೆ ಒಂದೇ ತಲೆಮಾರು, ಒಂದು ಹೊಸ ತಳಿಗೆ ಹತ್ತು ಹದಿನೈದು ವರ್ಷ ಹಿಡಿಯುತ್ತಿತ್ತು. ಬೆಳಕು, ಶಾಖಗಳನ್ನು ಕೋಣೆಯೊಳಗೆ ಹಿಡಿತದಲ್ಲಿಟ್ಟು ವರ್ಷಕ್ಕೆ ನಾಲ್ಕು ತಲೆಮಾರು ಬೆಳೆಸುವ ವಿಧಾನವನ್ನು ಇಕ್ರಿಸ್ಯಾಟ್ ಈಗ ಸಾಧಿಸಿದೆ. ಅದರಿಂದ ಹೊರಬಂದ ಐಸಿಪಿವಿ 25444 ತಳಿಯನ್ನು 2025ರಲ್ಲಿ ಪ್ರಕಟಿಸಿದರು. 125 ದಿನಕ್ಕೆ ಕೊಯ್ಲು, 45 ಡಿಗ್ರಿ ಬಿಸಿಲಿಗೂ ತಾಳುತ್ತದೆ, ಹೆಕ್ಟೇರಿಗೆ ಎರಡು ಟನ್ ಎನ್ನುತ್ತಾರೆ. ಕರ್ನಾಟಕದಲ್ಲೂ ಪರೀಕ್ಷೆ ನಡೆದಿದೆ. ಬೇಸಿಗೆ ತೊಗರಿ ಎಂಬುದನ್ನು ನಮ್ಮ ಮುತ್ಯಾಂದಿರು ಕೇಳಿದ್ದರೆ ನಂಬುತ್ತಿರಲಿಲ್ಲ. ಕಾರಂಜಾ ಕಾಲುವೆಯ ನೀರು ಸಿಗುವ ಹೊಲದವರಿಗೆ ಅದು ಬದುಕು ಬದಲಿಸಬಹುದು. ಆದರೆ ವರ್ಷವಿಡೀ ಹೊಲದಲ್ಲಿ ತೊಗರಿ ನಿಂತರೆ ಗೊಡ್ಡು ರೋಗದ ನುಸಿಗೂ ವರ್ಷವಿಡೀ ಮನೆ ಸಿಕ್ಕಂತಾಗುವುದಿಲ್ಲವೇ ಎಂಬ ಅಳುಕು ನನಗಿದೆ. ಇದನ್ನು ಇಲ್ಲೇ ಇದ್ದು, ಇಲ್ಲಿಯ ಹೊಲದಲ್ಲೇ ನೋಡಬೇಕಾದವರು ನೀವು.

ದಾರಿ ಯಾವುದು ಎಂದು ಕೇಳುತ್ತೀರಿ. ಬಿ.ಎಸ್ಸಿ. ಕೃಷಿಗೆ ಸಿಇಟಿ ಮೂಲಕ ಸೀಟು. ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ. ಮುಂದಿಟ್ಟ ಬೀಜ, ಗೊಬ್ಬರ, ಕಳೆ, ಸಲಕರಣೆ ಗುರುತಿಸಿ ಹೇಳಬೇಕು. ಕುಂಟೆ, ಕೂರಿಗೆ ಹಿಡಿದು ಬೆಳೆದವರಿಗೆ ಅದಕ್ಕೆ ಕೋಚಿಂಗ್ ಬೇಡ. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಅದರ ಕಲಬುರಗಿ ಕೇಂದ್ರದಿಂದಲೇ ಟಿಎಸ್-3ಆರ್, ಜಿಆರ್‌ಜಿ-811 ತೊಗರಿ ತಳಿಗಳು ಬಂದದ್ದು. ಬೀದರಿನಲ್ಲಿ ಪಶುವೈದ್ಯ ಕಾಲೇಜು, ತೋಟಗಾರಿಕೆ ಕಾಲೇಜು ಎರಡೂ ಇವೆ. ಶುದ್ಧ ವಿಜ್ಞಾನವೇ ಬೇಕು ಎನ್ನುವವರಿಗೆ ಐಸರ್ ಸಂಸ್ಥೆಗಳ ಐಎಟಿ ಪರೀಕ್ಷೆ ಇದೆ. ನಮ್ಮ ಭಾಗಕ್ಕೆ ಸಂವಿಧಾನ ಕೊಟ್ಟಿರುವ 371(ಜೆ) ಮೀಸಲಾತಿ ನಮ್ಮ ರಾಜ್ಯದ ಸೀಟುಗಳಲ್ಲಿ ನಿಮ್ಮ ಬೆನ್ನಿಗಿದೆ. ದೂರ ಕಳಿಸಲು ಮನೆಯಲ್ಲಿ ಒಪ್ಪದಿದ್ದರೆ ಭಾಲ್ಕಿಯಲ್ಲೋ ಬೀದರಿನಲ್ಲೋ ಬಿ.ಎಸ್ಸಿ. ಮಾಡಿ, ಮುಂದೆ ಎಂ.ಎಸ್ಸಿ. ಮಾಡಿ, ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದರೆ ಸಂಶೋಧನೆ ಮಾಡುತ್ತಲೇ ತಿಂಗಳಿಗೆ 37,000 ರೂಪಾಯಿ ಕೈಗೆ ಬರುತ್ತದೆ. ದಾರಿ ಉದ್ದ, ಸುಲಭದ್ದಂತೂ ಅಲ್ಲ. ನಿಮ್ಮ ತಂದೆತಾಯಿಗೆ ಈ ಮೊತ್ತವನ್ನೂ ಹೇಳಿ, ಬೇಕಾಗುವ ವರ್ಷಗಳನ್ನೂ ಹೇಳಿ.

ಕೊನೆಗೆ ಒಂದು ಕೆಲಸ ಒಪ್ಪಿಸುತ್ತೇನೆ. ಎಳ್ಳ ಅಮಾವಾಸ್ಯೆಗೆ ಊರೆಲ್ಲ ಹೊಲದಲ್ಲಿರುತ್ತದೆ. ಚರಗ ಚೆಲ್ಲಿ, ಭಜ್ಜಿ, ಅಂಬಲಿ ಮುಗಿಸಿದ ಮೇಲೆ ಒಂದು ತಾಸು ಒಂದು ನೋಟ್‌ಬುಕ್ಕು ಹಿಡಿದು ತೊಗರಿ ಸಾಲಿಗೆ ಹೋಗಿ. ತುದಿಯಲ್ಲಿ ಜೋತ ಕೀಡಿ ಎಷ್ಟು, ಹೂವೇ ಬಿಡದ ಹಸಿರು ಗಿಡ ಎಷ್ಟು, ನಿಂತಲ್ಲೇ ಒಣಗಿದವು ಎಷ್ಟು, ಪಕ್ಕದ ಬೆಳೆ ಯಾವುದು, ತಳಿ ಯಾವುದು ಎಂದು ಬರೆದುಕೊಳ್ಳಿ. ಒಣಗುತ್ತಿರುವ ಒಂದೆರಡು ಗಿಡಗಳನ್ನು ಬೇರು ಹರಿಯದಂತೆ ಅಗೆದು ತೆಗೆಯಿರಿ, ಪೂರ್ತಿ ಸತ್ತದ್ದು ಬೇಡ. ಮಣ್ಣು ಝಾಡಿಸಿ ಹಳೆಯ ಪೇಪರಿನಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಬೆವೆತು ಬೂಸು ಹಿಡಿಯುತ್ತದೆ, ಆಮೇಲೆ ಯಾವ ಶಿಲೀಂಧ್ರ ಮೊದಲಿನದು ಎಂದು ತಿಳಿಯುವುದಿಲ್ಲ. ಮೇಲೆ ಊರು, ಸರ್ವೆ ನಂಬರು, ತಾರೀಖು ಬರೆದು ಮರುದಿನವೇ ಬೀದರ್ ಬಸ್ಸಿಗೆ ಹತ್ತಿ, ಜನವಾಡದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ಕೊಡಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಸೇರಿ ಹೋಗಿ, ಸೀಳಿದ ಕಾಂಡವನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸುತ್ತೀರಾ ಎಂದು ಕೇಳಿ.

ನಿಮ್ಮ,
ಇದೇ ಭಾಗದ ಒಬ್ಬ ಜೀವಶಾಸ್ತ್ರ ಮೇಷ್ಟ್ರು